ಟ್ಯಾಂಕರಕ್ಕನೂ ಆಚೆಮನೆಯ ಕಾವಲಿನವನೂ

ಚಂದ್ರನಿಗೆ ಸಾಮಾನು ಹೊತ್ತ ಗಾಡಿಗಳು ದಿನಾ ಹೋಗಿಬರುತ್ತಿದ್ದ ಕಾಲ ಅದು. ಲಾರಿ, ಬಸ್ಸು, ಕಸದ ಗಾಡಿ ಎಲ್ಲವೂ ತಾವೇ ಓಡುತ್ತಿದ್ದವು. ಸ್ಟಿಯರಿಂಗ್ ಹಿಡಿಯುವ ಕೈಗೆ ಎಲ್ಲೂ ಕೆಲಸವಿರಲಿಲ್ಲ, ಒಂದು ಕಡೆ ಬಿಟ್ಟು. ಆ ಒಂದು ಕಡೆ ಎಂದರೆ ಆಚೆಮನೆ.

ರೈಲಿಗೆ ಸುರಂಗ ಕೊರೆಯುವಾಗ ಗುಡ್ಡದ ಹೊಟ್ಟೆಯೊಳಗೆ ಸಿಕ್ಕಿದ ಪಾಳು ಅದು. ಮನುಷ್ಯ ಹುಟ್ಟುವುದಕ್ಕೂ ಮುಂಚಿನದು, ಬೇರೆ ಯಾವುದೋ ನಕ್ಷತ್ರದ ಕಡೆಯವರು ಕಟ್ಟಿದ್ದು ಎಂದು ತಿಳಿದವರು ಹೇಳಿದರು. ಊರಿನವರು ಅಷ್ಟು ಉದ್ದ ಹೇಳಲು ಹೋಗದೆ ಕಟ್ಟಿದವರನ್ನು ಆಚೆಯವರು ಎಂದರು, ಪಾಳನ್ನು ಆಚೆಮನೆ ಎಂದರು. ಒಂದರ ಹಿಂದೊಂದು ದೊಡ್ಡ ದೊಡ್ಡ ಹಜಾರಗಳು, ಕಲ್ಲೂ ಅಲ್ಲದ ಲೋಹವೂ ಅಲ್ಲದ ಬೂದು ಗೋಡೆಗಳು. ತಾನೇ ಓಡುವ ಗಾಡಿ ಅದರ ಹೊಸ್ತಿಲು ದಾಟಿತೋ, ಕುಡಿದವರ ಹಾಗೆ ಸುತ್ತಿ ಸುತ್ತಿ ಗೋಡೆಗೆ ಗುದ್ದಿಕೊಂಡು ನಿಲ್ಲುತ್ತಿತ್ತು. ಕ್ಯಾಮೆರಾ ಒಯ್ದರೆ ಬರೀ ಮಂಜು. ಹಾಗಾಗಿ ಅಗೆಯುವುದು, ಹೊರುವುದು, ಎತ್ತರದ ಕೆಲಸಕ್ಕೆ ಸಾರುವೆ ಕಟ್ಟುವುದು, ಗಾಡಿ ಓಡಿಸುವುದು ಎಲ್ಲಕ್ಕೂ ಅಲ್ಲಿ ಮನುಷ್ಯರೇ ಬೇಕಿತ್ತು.

ನಮ್ಮ ಟ್ಯಾಂಕರಕ್ಕನ ಗಂಡ ಅಲ್ಲಿ ಸಾರುವೆ ಕಟ್ಟುತ್ತಿದ್ದ. ಆಗ ಅವಳಿಗೆ ಆ ಹೆಸರಿರಲಿಲ್ಲ. ಕೆಲಸಗಾರರ ಸಾಲುಮನೆಯಲ್ಲಿ ಅತ್ತೆಯ ಜೊತೆ ಜಗಳವಾಡಿಕೊಂಡು, ಕ್ಯಾಂಟೀನಿನ ಪಾತ್ರೆ ತೊಳೆದುಕೊಂಡು ಇದ್ದವಳು. ಒಂದು ಮಧ್ಯಾಹ್ನ ದೊಡ್ಡ ಹಜಾರದ ಸಾರುವೆ ಕುಸಿಯಿತು. ಮೇಲಿದ್ದ ಗಂಡ ಕೆಳಗೆ ಬಿದ್ದವನು ಏಳಲಿಲ್ಲ. ಓವರ್‌ಸಿಯರ್ ಮನೆಬಾಗಿಲಿಗೆ ಬಂದು ಟೋಪಿ ತೆಗೆದು, “ಏನ್ ಮಾಡೋದಮ್ಮ, ಕುಡ್ಕೊಂಡು ಮೇಲೆ ಹತ್ತಿದ್ದ” ಎಂದ.

“ಅವರು ಕುಡೀತಿರಲಿಲ್ಲ ಸಾರ್. ಆ ವಾಸನೆ ಬಂದ್ರೇನೇ ವಾಂತಿ ಮಾಡ್ಕೋತಿದ್ರು.”

“ಹೆಂಡತಿಗೆ ಎಲ್ಲಾ ಗೊತ್ತಿರುತ್ತಾ?” ಎಂದು ಓವರ್‌ಸಿಯರ್ ಟೋಪಿ ಹಾಕಿಕೊಂಡು ಹೊರಟುಹೋದ.

ಕಚೇರಿಗೆ ಹೋದಳು. ಕ್ಯಾಮೆರಾ ಇಲ್ಲ, ನೋಡಿದವರಿಲ್ಲ, ಓವರ್‌ಸಿಯರ್ ಹೇಳಿದ್ದೇ ಹೇಳಿಕೆ ಎಂದರು. ಜೊತೆಗೆ ಕೆಲಸ ಮಾಡಿದವರನ್ನು ಕೇಳಿದರೆ ಒಬ್ಬೊಬ್ಬರೂ ಕಾಲುಗುರು ನೋಡುತ್ತ ನಿಂತರು. ಕುಡುಕನ ಹೆಂಡತಿ, ಕುಡುಕನ ತಾಯಿ ಎಂದು ಸಾಲುಮನೆಯಲ್ಲಿ ಪಿಸುಮಾತು ಶುರುವಾಯಿತು. ಅತ್ತೆ ಮುಸುಕೆಳೆದು ಮಲಗಿದರು. ಸೊಸೆ ಮಲಗಲಿಲ್ಲ.

ಆ ಸಾವಾದ ಮೇಲೆ ದೂಳು ಜಾಸ್ತಿ, ಕೆಲಸಗಾರರಿಗೆ ಕಣ್ಣು ಕಾಣುವುದಿಲ್ಲ ಎಂದು ಹೇಳಿ ಆಚೆಮನೆಯೊಳಗೆ ನೀರು ಹೊಡೆಸಲು ತೊಡಗಿದರು. ನೀರು ಬಿದ್ದದ್ದೇ ತಡ, ಗೋಡೆಗಳು ಮಾತಾಡುತ್ತವೆ ಎಂದು ಗುಲ್ಲೆದ್ದಿತು. ಗೋಡೆಗೂ ಕಿವಿ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ಬಾಯಿಯೂ ಇದ್ದರೆ ಬದುಕುವುದು ಹೇಗೆ? ದೊಡ್ಡ ಹಜಾರದ ಟ್ಯಾಂಕರ್ ಓಡಿಸುತ್ತಿದ್ದವನು ಗಾಡಿ ಚಾಲೂ ಇಟ್ಟು ಓಡಿಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಖಾಲಿಯಾದ ಆ ಕೆಲಸಕ್ಕೆ ಅರ್ಜಿ ಹಾಕಿದ್ದು ಇವಳೊಬ್ಬಳೇ.

“ಗಂಡ ಸತ್ತ ಜಾಗ. ಭಯ ಆಗಲ್ವಾ?” ಎಂದು ಕೇಳಿದರು ಕಚೇರಿಯವರು.

“ಭಯ ಪಡಬೇಕಾದವರು ನಾನಲ್ಲ” ಎಂದಳು. ಸುಮ್ಮನೆ ಬಾಯಿಗೆ ಬಂದ ಮಾತಲ್ಲ ಅದು. ಸಾರುವೆ ಯಾಕೆ ಕುಸಿಯಿತು ಎಂದು ತನ್ನ ಕಣ್ಣಿನಿಂದ ನೋಡಲು ಅವಳಿಗಿದ್ದ ದಾರಿ ಅದೊಂದೇ.

ಕ್ಲಚ್ಚು, ಗೇರು, ಪಂಪು ಎಲ್ಲವನ್ನೂ ಉಳಿದ ಡ್ರೈವರುಗಳ ಹತ್ತಿರ ಬೈಸಿಕೊಂಡು ಕಲಿತಳು. ಟಯರು ಬಿಚ್ಚಲು ಕಲಿತಳು. ಟ್ಯಾಂಕರಕ್ಕ ಎಂಬ ಹೆಸರು ಬಂತು.

ಮೊದಲ ದಿನ ದೊಡ್ಡ ಹಜಾರಕ್ಕೆ ಹೋದಾಗ ಒಳಗೆ ನರಪಿಳ್ಳೆಯೂ ಇರಲಿಲ್ಲ. ಪೈಪು ಹಿಡಿದು ಗೋಡೆಗೆ ನೀರು ಬಿಟ್ಟಳು. ಬೂದು ಬಣ್ಣ ಕಡುಗಪ್ಪಾಯಿತು, ಹೊಳೆಯಿತು. ಒಳಗಿನಿಂದ ಗಡಸು ಗಂಡುದನಿ ಬಂತು: “ಏ ದಂಡಪಿಂಡ! ಬೇಗ ಬೇಗ ಎತ್ತೋ!”

ಅವಳ ಎದೆ ಝಲ್ಲೆಂದಿತು. ಆದರೆ ಬಾಯಿ ಎದೆಗಿಂತ ಗಟ್ಟಿ. “ಯಾವನೋ ಅವನು? ಬಾಯಿ ತೊಳ್ಕೊಂಡು ಮಾತಾಡು!” ಎಂದು ದನಿ ಬಂದ ಕಡೆಗೇ ಪೈಪು ತಿರುಗಿಸಿದಳು.

ಗೋಡೆ ನಕ್ಕಿತು. ಆ ನಗು ಅವಳ ಗಂಡನದು.

ಪೈಪು ಕೈಯಿಂದ ಜಾರಿ ನೆಲದ ಮೇಲೆ ಹಾವಿನ ಹಾಗೆ ಹೊರಳಾಡಿತು. ಅವಳು ಒದ್ದೆ ನೆಲದ ಮೇಲೇ ಕೂತುಬಿಟ್ಟಳು.

ಈ ಸುದ್ದಿಯನ್ನು ಅತ್ತೆಯಿಂದ ಮುಚ್ಚಿಡಲು ಆಗಲಿಲ್ಲ. ಮಾರನೆಯ ದಿನವೇ ಅವರನ್ನು ಟ್ಯಾಂಕರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದಳು. ಮಗನಿಗೆ ಡಬ್ಬಿ ತಂದುಕೊಟ್ಟು ಅತ್ತೆ ಕೂರುತ್ತಿದ್ದ ಜಾಗ ಅದೇ ಗೋಡೆಯ ಬುಡ. ನೀರು ಬಿದ್ದ ಮೇಲೆ ಗೋಡೆ ಮೆಲ್ಲಗೆ, “ಅಮ್ಮಾ, ನಿಂದು ಊಟ ಆಯ್ತಾ?” ಎಂದಿತು. ಅತ್ತೆ ಗೋಡೆಗೆ ಕೆನ್ನೆ ಒತ್ತಿ ಹೋ ಎಂದು ಅತ್ತರು. ಆವತ್ತು ಮನೆಗೆ ಬಂದು, ಎಷ್ಟೋ ದಿನದ ಮೇಲೆ ತಾವೇ ಒಲೆ ಹಚ್ಚಿದರು.

ಟ್ಯಾಂಕರಕ್ಕನಿಗೆ ಮಾತ್ರ ಅನುಮಾನ. ಮುಂದಿನ ಸಲ ಒಬ್ಬಳೇ ಇದ್ದಾಗ ಕೇಳಿದಳು: “ನಾವಿಬ್ಬರೇ ಇದ್ದಾಗ ನೀವು ನನ್ನನ್ನ ಏನಂತ ಕರೀತಿದ್ರಿ, ಹೇಳಿ.”

ಗೋಡೆ ಯಾರದೂ ಅಲ್ಲದ ದನಿಯಲ್ಲಿ, ತೊದಲುತ್ತ ಹೇಳಿತು: “ಗೊತ್ತಿಲ್ಲ. ಅದನ್ನ ಅವನು ಇಲ್ಲಿ ಯಾವತ್ತೂ ಹೇಳಿಲ್ಲ.”

“ಅವನು ಅಂದ್ರೆ? ಹಾಗಾದ್ರೆ ನೀನ್ಯಾರು?”

“ಬಾಗಿಲು ಕಾಯೋನು.”

ಅವಳು ನೀರು ನಿಲ್ಲಿಸಿ, ಗಾಡಿ ತಿರುಗಿಸಿಕೊಂಡು ಹೋದಳು. ಆಮೇಲೆ ಬೇರೆ ಹಜಾರಗಳಿಗೆ ನೀರು ಹೊಡೆದಳು, ದೊಡ್ಡ ಹಜಾರದ ಕಡೆ ಮುಖ ಹಾಕಲಿಲ್ಲ. ಸತ್ತ ಗಂಡನ ನಗುವನ್ನು ಯಾರೋ ಅಂಗಿಯ ಹಾಗೆ ತೊಟ್ಟುಕೊಂಡಿದ್ದಾರೆ ಎಂದು ಮೈಯೆಲ್ಲ ಉರಿಯಿತು. ಉರಿ ಇಳಿದ ಮೇಲೆ ಬೇರೊಂದು ಯೋಚನೆ ಬಂತು: ಸುಳ್ಳು ಹೇಳಿ ಗಂಡನೇ ಎಂದು ನಂಬಿಸಬಹುದಿತ್ತು; ಅವನು ಹಾಗೆ ಮಾಡಲಿಲ್ಲ. ಆ ಊರಿನಲ್ಲಿ ತಾನು ಕೇಳಿದ ಪ್ರಶ್ನೆಗೆ ನಿಜ ಹೇಳಿದವನು ಅವನೊಬ್ಬನೇ.

ಹಿಂತಿರುಗಿ ಹೋದಳು. ನೀರು ಬಿಟ್ಟ ಕೂಡಲೇ ಗೋಡೆ ಕೂಗಿತು: “ಎರಡನೇ ಪಾಳಿ ಬಂತು! ಎರಡನೇ ಪಾಳಿ ಬಂತು!”

“ಏನದು?”

“ಅದು ಖುಷಿಯ ಮಾತಲ್ವಾ? ಎಲ್ಲರೂ ಹಾಗೆ ಕೂಗ್ಕೊಂಡು ನಗ್ತಿದ್ರು.”

ಅವನಿಗೆ ಬಂದ ಭಾಷೆಯೆಲ್ಲ ಕೆಲಸಗಾರರಿಂದ ಕೇಳಿಸಿಕೊಂಡದ್ದು. ಬೇಸರವಾದರೆ “ಸಿಮೆಂಟು ಮುಗೀತು” ಎನ್ನುತ್ತಿದ್ದ. ತುಂಬ ಹಿಡಿಸಿದ್ದಕ್ಕೆ “ಲೆವೆಲ್ಲು ಸರಿಯಾಗಿದೆ” ಎನ್ನುತ್ತಿದ್ದ. ಮಧ್ಯೆ ಮಧ್ಯೆ ಮೇಸ್ತ್ರಿಯ ಬೈಗುಳಗಳು ಮರ್ಯಾದೆಯ ಮಾತಿನಂತೆ ಬರುತ್ತಿದ್ದವು. ಟ್ಯಾಂಕರಕ್ಕ ಒಂದೊಂದನ್ನೇ ತಿದ್ದಿದಳು. “ಗಂಡನ ದನಿ ತೆಗೀಬೇಡ. ನಿನ್ನ ದನಿ ಏನಿದೆಯೋ ಅದರಲ್ಲೇ ಮಾತಾಡು” ಎಂದಳು. ಅವನ ಸ್ವಂತ ದನಿ ತಗ್ಗಿನದು, ಹಂಡೆಗೆ ನೀರು ತುಂಬುವಾಗ ಬರುವಂಥದ್ದು.

ತನ್ನ ಕಥೆ ಹೇಳಿದ. ಅವನ ಜನ ನೀರು ಹಿಡಿದ ಗೋಡೆಗಳೊಳಗೆ ನಡೆದಾಡುವವರು. ಈ ನೆಲ ಒಣಗತೊಡಗಿದಾಗ ಎಲ್ಲರೂ ಬಾಗಿಲು ದಾಟಿ ಹೊರಟರು. ಕೊನೆಯವನಾಗಿ ದಾಟಿ ಬಾಗಿಲು ಮುಚ್ಚುವುದು ಅವನ ಕೆಲಸ. ಎಲ್ಲರೂ ಹೋಗುವಷ್ಟರಲ್ಲಿ ನೀರು ಮುಗಿಯಿತು, ಅವನು ಗೋಡೆಯಲ್ಲೇ ಉಳಿದ.

“ಯಾರೂ ತಿರುಗಿ ನೋಡಲಿಲ್ವಾ?”

“ಕಾವಲಿನವನನ್ನ ಯಾರು ನೋಡ್ತಾರೆ?”

“ಅದೂ ನಿಜ” ಎಂದಳು ಟ್ಯಾಂಕರಕ್ಕ. “ಪಾತ್ರೆ ತೊಳೆಯೋಳನ್ನೂ ಯಾರೂ ನೋಡಲ್ಲ.”

ಕಾಲ ಕಳೆದಂತೆ ಒದ್ದೆ ಗೋಡೆಯಲ್ಲಿ ಅವನ ಆಕಾರ ಕಾಣತೊಡಗಿತು: ಎತ್ತರದ ಹೆಗಲು, ಬಾಗಿದ ಕತ್ತು, ನಮಗಿಂತ ಉದ್ದವಾದ ಬೆರಳುಗಳು. ಒಂದು ದಿನ ಅವನು ಒಳಗಿನಿಂದ ಅಂಗೈಯೊತ್ತಿದ. ಅವಳು ಹೊರಗಿನಿಂದ ಒತ್ತಿದಳು. ಗೋಡೆ ತಣ್ಣಗಿತ್ತು, ಆ ಅಂಗೈಯಷ್ಟು ಜಾಗ ಮಾತ್ರ ಬೆಚ್ಚಗಿತ್ತು.

“ಟ್ಯಾಂಕರಕ್ಕ, ಬಿಸಿಲು ಅಂದ್ರೆ ಹೇಗಿರುತ್ತೆ?”

“ಅಕ್ಕ ಅನ್ನಬೇಡ.”

“ಎಲ್ಲರೂ ಹಾಗೇ ಅಂತಾರಲ್ಲ?”

“ಊರಿಗೆಲ್ಲ ನಾನು ಅಕ್ಕ. ನಿನಗೆ ಬೇಡ.” ಅವಳ ಕಿವಿ ಕೆಂಪಾಯಿತು, ಗೋಡೆಗೆ ಬಣ್ಣ ಕಾಣುತ್ತದೋ ಇಲ್ಲವೋ ಎಂದು ತನಗೇ ನಗು ಬಂತು.

“ಹಾಗಾದ್ರೆ ಏನಂತ ಕರೀಲಿ?”

“ಏನೂ ಕರೀಬೇಡ. ‘ಬಂದ್ಯಾ’ ಅಂದ್ರೆ ಸಾಕು.”

ಅಂದಿನಿಂದ ಅವಳು ಹೋದಾಗಲೆಲ್ಲ ಗೋಡೆ “ಬಂದ್ಯಾ” ಎನ್ನುತ್ತಿತ್ತು.

ಆದರೆ ಅವಳು ಅಲ್ಲಿಗೆ ಮೊದಲು ಹೋದದ್ದು ಇದಕ್ಕಲ್ಲ. ಕೊನೆಗೊಮ್ಮೆ ಗಟ್ಟಿ ಮನಸ್ಸು ಮಾಡಿ ಕೇಳಿದಳು: “ಅವರು ಬಿದ್ದ ದಿನ ನೀನು ಇಲ್ಲೇ ಇದ್ದೆ. ಏನಾಯ್ತು?”

ಅವನು ತನ್ನ ದನಿ ಬಿಟ್ಟು, ಓವರ್‌ಸಿಯರನ ದನಿಯಲ್ಲಿ ಹೇಳಿದ: “ಆ ಎರಡು ಆಸರೆ ಕಂಬ ಬಿಚ್ಚಿ, ಪಕ್ಕದ ಹಜಾರಕ್ಕೆ ಬೇಕು. ಸಾಯಂಕಾಲ ದೊಡ್ಡವರು ನೋಡೋಕೆ ಬರ್ತಾರೆ.” ಮತ್ತೆ, ಅವಳೇ ಬೇಡವೆಂದಿದ್ದ ಆ ದನಿಯಲ್ಲಿ: “ಸಾರ್, ನಾನಿನ್ನೂ ಮೇಲಿದ್ದೀನಿ.” ಓವರ್‌ಸಿಯರ್: “ಗೊತ್ತು ಕಣಯ್ಯ. ಗಟ್ಟಿಯಾಗಿ ಹಿಡ್ಕೋ. ಬಿಚ್ರೋ ನೀವು!”

ಟ್ಯಾಂಕರಕ್ಕ ಪೈಪು ನೆಲಕ್ಕೆ ಎಸೆದಳು. “ಇಷ್ಟು ದಿನ ಯಾಕೆ ಹೇಳಲಿಲ್ಲ?”

“ಅದಕ್ಕೇ ನೀನು ಬರ್ತಿದ್ದೆ. ಅದು ಸಿಕ್ಕಿದ ಮೇಲೆ ಬರಲ್ಲ ಅಂತ ಹೆದರಿದೆ.”

“ಥೂ! ನೀನೂ ಅವರ ಥರಾನೇ” ಎಂದು ಉಗಿದು ಹೊರಟವಳು ಬಾಗಿಲ ತನಕ ಹೋಗಿ ನಿಂತಳು. ಹಿಂದಿನಿಂದ, “ಸಿಮೆಂಟು ಮುಗೀತು” ಎಂದು ಸಣ್ಣದಾಗಿ ಕೇಳಿಸಿತು. ಅವಳು ತಿರುಗಿ ನೋಡದೆ, “ನಾಳೆ ಬರ್ತೀನಿ. ಇನ್ನೊಂದು ಸಲ ನನ್ನಿಂದ ಏನಾದ್ರೂ ಮುಚ್ಚಿಟ್ಟರೆ ಒಣಗಿಸಿಬಿಡ್ತೀನಿ” ಎಂದಳು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದಳು. ಕಂಬ ಬಿಚ್ಚಿದ್ದು ಕೇಳಿ ಅತ್ತೆ ಎದೆ ಬಡಿದುಕೊಂಡರು. ಗೋಡೆಯೊಳಗಿರುವುದು ಮಗನಲ್ಲ ಎಂದಾಗ ಅವರ ಕಣ್ಣು ಸೊಸೆಯ ಮುಖದ ಮೇಲೇ ನೆಟ್ಟಿತು. ಹೆಂಗಸಿನ ಮುಖ ಹೆಂಗಸಿಗೆ ಅರ್ಥವಾಗುತ್ತದೆ.

“ನನ್ನ ಮಗನ ದನಿ ಕದ್ದವನ ಹತ್ರ ಹಲ್ಲು ಕಿರೀತಿದ್ದೀಯಾ ಇಷ್ಟು ದಿನ?”

“ಕದ್ದಿಲ್ಲ ಅತ್ತೆ. ಕೇಳಿಸ್ಕೊಂಡಿದ್ದ. ಬೇಡ ಅಂದ ಮೇಲೆ ಬಿಟ್ಟ.”

“ಮನುಷ್ಯನೂ ಅಲ್ವಲ್ಲೇ ಅದು!”

“ಮನುಷ್ಯರನ್ನ ನೋಡಿದ್ದಾಯ್ತಲ್ಲ ಅತ್ತೆ.”

ಅತ್ತೆ ಗೋಡೆಯ ಕಡೆ ಹೊರಳಿ ಮಲಗಿದರು, ಮಾತು ಬಿಟ್ಟರು.

ಟ್ಯಾಂಕರಕ್ಕ ಕಚೇರಿಗೆ ಹೋಗಿ ಕಂಬದ ವಿಷಯ ಕೇಳಿದಳು. ಅಷ್ಟೇ ಸಾಕಾಯಿತು. ಎರಡು ದಿನ ಕಳೆಯುವುದರೊಳಗೆ ಆಜ್ಞೆ ಬಂತು: ದೊಡ್ಡ ಹಜಾರಕ್ಕೆ ನೀರು ಹೊಡೆಯುವಂತಿಲ್ಲ, ಆ ಗೋಡೆಯನ್ನು ಕೊಯ್ದು ತುಂಡು ಮಾಡಿ ದೂರದ ವಸ್ತುಸಂಗ್ರಹಾಲಯಕ್ಕೆ ಸಾಗಿಸಬೇಕು. ಓವರ್‌ಸಿಯರ್ ಗೇಟಿಗೆ ಸರಪಳಿ ಹಾಕಿಸಿ, ಕೊಯ್ಯುವ ಗರಗಸಗಳನ್ನು ಒಳಗೆ ಸಾಗಿಸಿದ. “ಆ ಹೆಂಗಸಿಗೆ ತಲೆ ಕೆಟ್ಟಿದೆ, ಗೋಡೆ ಜೊತೆ ಸಂಸಾರ ಮಾಡ್ತಾಳೆ” ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಹಾಡಹಗಲು, ಕೆಲಸದ ಗಂಟೆ ಹೊಡೆದು ಎಲ್ಲರೂ ಗೇಟಿನ ಮುಂದೆ ಸೇರಿದ್ದಾಗಲೇ ಟ್ಯಾಂಕರಕ್ಕ ತುಂಬಿದ ಟ್ಯಾಂಕರ್ ತಂದಳು. ಹಾರನ್ ಹೊಡೆದಳು. ಗೇಟಿನ ಕಾವಲುಗಾರ ಕೈ ಅಡ್ಡ ಹಿಡಿದ. ಅವಳು ಕಿಟಕಿಯಿಂದ ತಲೆ ಹೊರಹಾಕಿ, “ತಮ್ಮಾ, ನೀನು ಪಕ್ಕಕ್ಕೆ ನಿಂತ್ಕೋ. ನಿನ್ನ ಮೇಲೆ ನಂಗೆ ಕೋಪ ಇಲ್ಲ, ಗೇಟಿನ ಮೇಲಿದೆ” ಎಂದಳು. ಅವನು ಪಕ್ಕಕ್ಕೆ ಸರಿದ. ಗೇಟು ಸರಪಳಿ ಸಮೇತ ಕಿತ್ತು ಬಿತ್ತು.

ಹಿಂದೆ ತಿರುಗಿ ನೋಡಿದರೆ ಉಳಿದ ಡ್ರೈವರುಗಳೂ ಒಬ್ಬರ ಹಿಂದೊಬ್ಬರು ಗಾಡಿ ತರುತ್ತಿದ್ದರು. ಅವಳಿಗೆ ಗೇರು ಕಲಿಸುವಾಗ ಬೈದಿದ್ದ ಮುದುಕ ಡ್ರೈವರ್ ಕೂಗಿದ: “ನಿಂಗೊಬ್ಬಳಿಗೇ ಏನಮ್ಮ ಕೆಲಸ ಹೋಗಬೇಕು? ನಮ್ಮದೂ ಹೋಗ್ಲಿ!”

ಎಲ್ಲ ಟ್ಯಾಂಕರುಗಳ ಪೈಪುಗಳೂ ಒಟ್ಟಿಗೆ ತೆರೆದವು. ದೊಡ್ಡ ಹಜಾರದ ಗೋಡೆ ಮೇಲಿನಿಂದ ಕೆಳಗಿನ ತನಕ ತೊಯ್ದು ಕನ್ನಡಿಯಂತಾಯಿತು. ಜನ ಒಳನುಗ್ಗಿದರು, ಓವರ್‌ಸಿಯರ್ ಓಡಿಬಂದ, ಅವನ ಹಿಂದೆ ಯೋಜನೆಗೆಲ್ಲ ಯಜಮಾನಿಯಾದ ದೊಡ್ಡ ಮೇಡಂ ಬಂದರು. ಎಲ್ಲರ ಮುಂದೆ ಗೋಡೆ ಆ ದಿನದ ಮಾತನ್ನು ಅಕ್ಷರ ಬಿಡದೆ ಹೇಳಿತು. “ಸಾರ್, ನಾನಿನ್ನೂ ಮೇಲಿದ್ದೀನಿ” ಎಂಬ ಕಡೆ ಬಂದಾಗ ಜೊತೆಗೆ ಕೆಲಸ ಮಾಡಿದವರು ಮತ್ತೆ ಕಾಲುಗುರು ನೋಡತೊಡಗಿದರು.

“ದೆವ್ವದ ಮಾತಿಗೆ ಬೆಲೆ ಉಂಟಾ ಮೇಡಂ?” ಎಂದ ಓವರ್‌ಸಿಯರ್.

ಮೇಡಂ ಟ್ಯಾಂಕರಕ್ಕನ ಕಡೆ ತಿರುಗಿದರು. “ಒಳಗಿರೋದು ಯಾರು? ನಿಮ್ಮ ಗಂಡನಾ?”

ಹೌದು ಎಂದಿದ್ದರೆ ಎಲ್ಲ ಸುಲಭವಾಗುತ್ತಿತ್ತು. ಸತ್ತ ಕೆಲಸಗಾರನ ಆತ್ಮ ಎಂದರೆ ಇಡೀ ಊರು ಕಣ್ಣೀರು ಹಾಕುತ್ತಿತ್ತು. ಗುಂಪಿನ ನಡುವೆ ಅತ್ತೆ ನಿಂತಿದ್ದರು. ಹೌದು ಅನ್ನು ಎಂದು ಅವರ ಕಣ್ಣು ಬೇಡುತ್ತಿತ್ತು.

“ಅಲ್ಲ ಮೇಡಂ. ನನ್ನ ಗಂಡ ಸತ್ತುಹೋದರು, ಇವರು ಕಂಬ ಬಿಚ್ಚಿಸಿದ್ರು, ಅವರು ಸತ್ತರು. ಒಳಗಿರೋದು ಬೇರೆಯವರು. ಬಾಗಿಲು ಕಾಯೋರು.”

“ಆಚೆಯವನು!” ಎಂದು ಯಾರೋ ಚೀರಿದರು.

“ಆಚೆಯವರಲ್ಲ. ನಮ್ಮನೆಯವರು” ಎಂದಳು ಟ್ಯಾಂಕರಕ್ಕ. ಹೆಂಗಸರು ಗಂಡನಿಗೆ ಹೇಳುವ ಮಾತದು, ಎಲ್ಲರಿಗೂ ಅರ್ಥವಾಯಿತು. “ಯಾರಿಗೆ ನಗು ಬರುತ್ತೋ ನಗ್ಲಿ. ಯಾರಿಗೆ ಮೂಗು ಮುರೀಬೇಕೋ ಮುರೀಲಿ. ಸುಳ್ಳು ಹೇಳಿ ಮರ್ಯಾದೆ ಉಳಿಸ್ಕೊಳ್ಳೋದನ್ನ ಓವರ್‌ಸಿಯರ್ ಸಾಹೇಬರಿಗೆ ಬಿಟ್ಟಿದ್ದೀನಿ.”

ಗುಂಪು ಗುಜುಗುಜು ಎಂದಿತು. ಅತ್ತೆ ಗುಂಪು ಸೀಳಿಕೊಂಡು ಗೋಡೆಯ ಮುಂದೆ ಹೋಗಿ ನಿಂತರು.

“ನನ್ನ ಮಗ ಬೀಳುವಾಗ ಹಿಡಿಯೋಕೆ ಆಗಲಿಲ್ವಾ ನಿನಗೆ?”

“ಗೋಡೆ ಒಣಗಿತ್ತು ತಾಯಿ” ಎಂದ ಅವನು, ತನ್ನ ತಗ್ಗಿನ ದನಿಯಲ್ಲಿ. “ಕೈ ಇರಲಿಲ್ಲ. ಕಿವಿ ಮಾತ್ರ ಇತ್ತು.”

ಅತ್ತೆ ತಲೆ ತಗ್ಗಿಸಿದರು. ಬಳಿಕ ಮೇಡಂ ಕಡೆ ತಿರುಗಿ, “ಇವನ ಮಾತು ಬೇಡ ಅಂದ್ರೆ ಬಿಡಿ. ಕಂಬ ಬಿಚ್ಚಿದ ಕೈಗಳು ಇಲ್ಲೇ ಇವೆಯಲ್ಲ, ಅವಕ್ಕೆ ಬಾಯಿಲ್ವಾ?” ಎಂದು ಕೆಲಸಗಾರರ ಕಡೆ ನೋಡಿದರು. ಆ ನೋಟದ ಮುಂದೆ ಕಾಲುಗುರು ನೋಡುವುದು ಆಗಲಿಲ್ಲ. ಒಬ್ಬ ಮುಂದೆ ಬಂದ. “ಬಿಚ್ಚಿದ್ದು ನಾನು ಮೇಡಂ. ಸಾಹೇಬ್ರು ಹೇಳಿದ್ರು.” ಅವನ ಹಿಂದೆ ಇನ್ನೊಬ್ಬ ಬಂದ. ಓವರ್‌ಸಿಯರ್ ಟೋಪಿ ತೆಗೆದ. ಈ ಸಲ ಮತ್ತೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ನೀರು ನೆಲದ ಮೇಲೆ ಪಾದ ಮುಳುಗುವಷ್ಟು ನಿಂತಿತ್ತು. ಗೋಡೆಯ ನಡುವೆ ಒಂದು ಗೆರೆ ಮೂಡಿ, ಅಗಲವಾಗಿ, ಬಾಗಿಲಾಯಿತು. ಆಚೆ ಹಸಿರು ಬೆಳಕು, ತುಂಬಿ ಹರಿಯುವ ನೀರಿನ ಸದ್ದು. ಜನ ಹಿಂದೆ ಸರಿದರು. ಬಾಗಿಲ ಪಕ್ಕದಲ್ಲಿ ಅವನ ನೆರಳು ಎದ್ದು ನಿಂತಿತ್ತು.

“ಹೋಗು” ಎಂದಳು ಟ್ಯಾಂಕರಕ್ಕ. “ಗೋಡೆ ಇವತ್ತಲ್ಲ ನಾಳೆ ಕೊಯ್ತಾರೆ. ನಿನ್ನ ಜನರ ಹತ್ರ ಹೋಗಿಬಿಡು.”

“ನೀನು ಬರ್ತೀಯಾ?”

“ನಾನ್ಯಾಕೆ ಓಡಿಹೋಗ್ಲಿ? ತಪ್ಪು ಮಾಡಿದವರು ಓಡಲಿ. ನನ್ನ ಗಾಡಿ ಇಲ್ಲಿದೆ, ಅತ್ತೆ ಇಲ್ಲಿದ್ದಾರೆ.”

ಅವನು ಬೆಳಕಿನ ಕಡೆ ನೋಡಿದ. “ನನ್ನ ಬಿಟ್ಟು ಹೋದವರು ಒಂದು ಸಲ ತಿರುಗಿ ನೋಡಲಿಲ್ಲ. ಅವರ ಹಿಂದೆ ನಾನ್ಯಾಕೆ ಓಡಲಿ?” ಎಂದ. ಉದ್ದ ಬೆರಳುಗಳನ್ನು ಬಾಗಿಲಿಗೆ ಹಚ್ಚಿ, ಹೆಗಲು ಕೊಟ್ಟು ನೂಕಿದ. ಹಸಿರು ಬೆಳಕು ಸಣ್ಣಗಾಗಿ, ಗೆರೆಯಾಗಿ, ಮುಚ್ಚಿಕೊಂಡಿತು. ತನಗೆ ವಹಿಸಿದ್ದ ಕೆಲಸವನ್ನು ಅವನು ಮುಗಿಸಿದ್ದ, ಈ ಕಡೆ ನಿಂತು.

“ಲೆವೆಲ್ಲು ಸರಿಯಾಗಿದೆ” ಎಂದ. ಅವಳು ಅಳುತ್ತಲೇ ನಕ್ಕಳು.

ಓವರ್‌ಸಿಯರ್ ಕೆಲಸ ಕಳೆದುಕೊಂಡು ಆರೋಪಿಯಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ. ಕುಡಿದು ಬಿದ್ದ ಎಂಬ ಮಾತನ್ನು ಕಚೇರಿ ಹಿಂದಕ್ಕೆ ತೆಗೆದುಕೊಂಡಿತು. ಅದನ್ನು ಮೈಕಿನಲ್ಲಿ, ಸಾಲುಮನೆಯ ಬೀದಿಬೀದಿಯಲ್ಲಿ ಓದಿ ಹೇಳಬೇಕೆಂದು ಟ್ಯಾಂಕರಕ್ಕ ಹಟ ಹಿಡಿದು ಓದಿಸಿದಳು. ಒಳಗೆ ಜೀವವಿರುವ ಗೋಡೆಯನ್ನು ಕೊಯ್ಯಿಸುವುದಿಲ್ಲ ಎಂದು ದೊಡ್ಡ ಮೇಡಂ ಮೇಲಿನವರ ಹತ್ತಿರ ಜಗಳ ತೆಗೆದು ಗೆದ್ದರು. ಆದರೂ ಗೇಟು ಮುರಿದ ತಪ್ಪಿಗೆ ಟ್ಯಾಂಕರಕ್ಕನ ಕೆಲಸ ಹೋಯಿತು. ಮುದುಕ ಡ್ರೈವರನಿಗೆ ಬೈಗುಳ ಮಾತ್ರ ಸಿಕ್ಕಿತು. ಅದಕ್ಕೆ ಅವನಿಗೆ ಸ್ವಲ್ಪ ಅವಮಾನವೇ ಆಯಿತು. ಕೆಲಸದ ಜೊತೆ ಸಾಲುಮನೆಯೂ ಹೋಗಬೇಕು, ಖಾಲಿ ಮಾಡಿ ಎಂದು ಕಚೇರಿಯವರು ಬಂದು ನಿಂತರು.

“ಮಾಡೋಣ” ಎಂದಳು. ಟ್ರಂಕು, ಒಲೆ, ಹಾಸಿಗೆ ಸುರುಳಿ, ಅತ್ತೆಯ ಮಂಚ ಎಲ್ಲವನ್ನೂ ಕೈಗಾಡಿಗೆ ಹೇರಿ, ಬಾಡಿಗೆ ಮನೆ ಹುಡುಕುತ್ತಾಳೆಂದು ಜನ ನೋಡುತ್ತಿದ್ದಂತೆ ನೆಟ್ಟಗೆ ಗುಡ್ಡದ ದಾರಿ ಹಿಡಿದಳು. ಅತ್ತೆ ದಾರಿಯುದ್ದಕ್ಕೂ ಗೊಣಗಿದರು, ಆದರೆ ಹಿಂದಿನಿಂದ ಗಾಡಿ ತಳ್ಳಿದರು. ದೊಡ್ಡ ಹಜಾರದ ಗೋಡೆಯ ಬುಡದಲ್ಲಿ ಮಂಚ ಹಾಕಿದರು, ಒಲೆ ಹೂಡಿದರು. ಮಾರನೆಯ ಬೆಳಿಗ್ಗೆಯಿಂದ ಸಾಲುಮನೆಯ ಹೆಂಗಸರು ಆ ಕಡೆ ಹೋಗುವ ನೆಪ ಮಾಡಿಕೊಂಡು ಒಂದೊಂದು ಬಿಂದಿಗೆ ನೀರು ತಂದು ಗೋಡೆಗೆ ಸುರಿದು, ಕಣ್ಣು ತುಂಬ ನೋಡಿ ಹೋಗತೊಡಗಿದರು. ಖಾಲಿ ಮಾಡಿಸಲು ಯಾರೂ ಬರಲಿಲ್ಲ. ಬಂದಿದ್ದರೂ ಅವಳು ಏಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ಒಗೆದ ಸೀರೆಯನ್ನು ಹಗ್ಗದಿಂದ ತೆಗೆದು ಮುಟ್ಟಿ ನೋಡಿ, ಸೊಂಟದ ಮೇಲೆ ಕೈಯಿಟ್ಟು ನಿಂತರು. “ನಿನ್ನೆ ಹಾಕಿದ್ದು, ಇನ್ನೂ ಹಸಿ. ಇಲ್ಲಿ ಒಂದು ಬಟ್ಟೆ ಒಣಗಲ್ವಲ್ಲೇ!”

“ಒಣಗಬಾರದು ಅಂತಾನೇ ಇಲ್ಲಿಗೆ ಬಂದಿರೋದು ಅತ್ತೆ” ಎಂದು ಟ್ಯಾಂಕರಕ್ಕ ಇನ್ನೊಂದು ಬಿಂದಿಗೆ ಎತ್ತಿ ಗೋಡೆಗೆ ಸುರಿದಳು.